ಬುತ್ತಿ ಕಟ್ಟಿ, ಬಸ್ ಹತ್ತಿ

ಸೋಮನಾಥಪುರದ ಕೇಶವ ದೇವಾಲಯ ನೋಡಲು ಗಂಡ, ಹೆಂಡತಿ, ಇಬ್ಬರು ಶಾಲಾ ಮಕ್ಕಳ ಕುಟುಂಬ ಕೊಡಬೇಕಾದ ಪ್ರವೇಶ ಶುಲ್ಕ ಈಗಿನ ದರದಲ್ಲಿ 50 ರೂಪಾಯಿ. ದೊಡ್ಡವರಿಗೆ ತಲಾ 25, ಹದಿನೈದು ವರ್ಷದೊಳಗಿನ ಮಕ್ಕಳಿಗೆ ಏನೂ ಇಲ್ಲ. ಮೊಬೈಲ್‌ನಲ್ಲಿ ಹಣ ಕಟ್ಟಿದರೆ ಅದರಲ್ಲೂ ತಲಾ 5 ರೂಪಾಯಿ ಉಳಿಯುತ್ತದೆ. 2023ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿ ಸೇರಿದ ಮೂರು ಹೊಯ್ಸಳ ದೇಗುಲಗಳಲ್ಲಿ ಇದೊಂದು. ಉಳಿದೆರಡು ಇರುವ ಬೇಲೂರು, ಹಳೇಬೀಡಿನಲ್ಲಿ ಅಷ್ಟನ್ನೂ ಕೊಡಬೇಕಾಗಿಲ್ಲ.

ಹೀಗಿದ್ದರೂ ಅದೇ ಕುಟುಂಬ ಒಂದು ಭಾನುವಾರ ಹೊರಗೆ ಸುತ್ತಾಡಿ ಮನೆ ಸೇರುವ ಹೊತ್ತಿಗೆ ಸಾವಿರಗಟ್ಟಲೆ ರೂಪಾಯಿ ಕರಗಿರುತ್ತದೆ. ‘ಮಕ್ಕಳಿಗೆ ರಜೆ ಬಂತು, ಕೈಯಲ್ಲಿ ಹೆಚ್ಚು ದುಡ್ಡಿಲ್ಲ, ಎಲ್ಲಿಗೆ ಕರೆದುಕೊಂಡು ಹೋಗೋಣ?’ ಬೇಸಿಗೆ ರಜೆಗೂ ದಸರೆಗೂ ಈ ಅಂಕಣದ ಓದುಗರು ತಪ್ಪದೆ ಕೇಳುವ ಪ್ರಶ್ನೆ ಇದು. ಕೇಳುವವರು ಅಗ್ಗದ ಊರುಗಳ ಹೆಸರನ್ನು ನಿರೀಕ್ಷಿಸುತ್ತಾರೆ. ಕರ್ನಾಟಕದಲ್ಲಿ ಕೋಟೆ, ಗುಡಿ, ಬೆಟ್ಟ, ಹೊಳೆದಂಡೆಗಳೆಲ್ಲ ಬಹುಮಟ್ಟಿಗೆ ಅಗ್ಗವೇ. ದುಡ್ಡು ಹೋಗುವುದು ದಾರಿಯಲ್ಲಿ, ಊಟದಲ್ಲಿ, ಒಂದೇ ದಿನದಲ್ಲಿ ಐದು ಜಾಗ ಮುಗಿಸಿಬಿಡಬೇಕೆಂಬ ಅವಸರದಲ್ಲಿ. ಆದ್ದರಿಂದ ಮೊದಲು ವಾಹನ ಗೊತ್ತುಮಾಡಿಕೊಂಡು ಆಮೇಲೆ ಊರನ್ನು ಆರಿಸಿಕೊಳ್ಳುವುದೇ ಬಡ, ಮಧ್ಯಮ ವರ್ಗದ ಕುಟುಂಬಕ್ಕೆ ಸರಿಯಾದ ದಾರಿ.

ಬಾಡಿಗೆ ಕಾರಿನ ಲೆಕ್ಕ ನೋಡಿ. ಹೊರಊರಿಗೆ ಹೋಗುವುದಾದರೆ ಹೆಚ್ಚಿನ ಕಡೆ ದಿನಕ್ಕೆ ಕನಿಷ್ಠ 250 ಅಥವಾ 300 ಕಿ.ಮೀ.ಗೆ ಹಣ ಕಟ್ಟಬೇಕು. ಅದರ ಮೇಲೆ ಚಾಲಕರ ಬಾಟಾ, ಟೋಲ್, ಪಾರ್ಕಿಂಗ್. ಹೋಗಬೇಕಾದ ಜಾಗ 60 ಕಿ.ಮೀ. ದೂರದಲ್ಲಿದ್ದರೂ ಲೆಕ್ಕ ಕೆಳಗಿಳಿಯುವುದಿಲ್ಲ. ಇಲ್ಲಿಂದಲೇ ಇನ್ನೊಂದು ತೊಂದರೆ ಶುರುವಾಗುತ್ತದೆ. 300 ಕಿ.ಮೀ.ಗೆ ದುಡ್ಡು ಕೊಟ್ಟಾಗಿದೆ, ಅಷ್ಟೂ ಓಡಿಸಿಬಿಡೋಣ ಅನ್ನಿಸುತ್ತದೆ. ಬೆಳಿಗ್ಗೆ ಶ್ರೀರಂಗಪಟ್ಟಣ, ಹತ್ತಕ್ಕೆ ಮೈಸೂರು ಅರಮನೆ, ಮಧ್ಯಾಹ್ನ ಮೃಗಾಲಯ, ಸಂಜೆ ಕೆಆರ್‌ಎಸ್, ನಡುವೆ ಸಾಧ್ಯವಾದರೆ ಚಾಮುಂಡಿ ಬೆಟ್ಟ. ಪ್ರತಿ ಜಾಗದಲ್ಲೂ ಪ್ರವೇಶ ಶುಲ್ಕ, ಚಪ್ಪಲಿಗೆ ದುಡ್ಡು, ಐಸ್‌ಕ್ರೀಮ್, ನೀರಿನ ಬಾಟಲಿ. ರಾತ್ರಿ ಹನ್ನೊಂದಕ್ಕೆ ಮನೆ ಮುಟ್ಟಿದಾಗ ಮಕ್ಕಳು ಹಿಂದಿನ ಸೀಟಿನಲ್ಲಿ ಮಲಗಿಬಿಟ್ಟಿರುತ್ತಾರೆ. ಏನು ನೋಡಿದೆ ಎಂದು ಮರುದಿನ ಕೇಳಿದರೆ ಐಸ್‌ಕ್ರೀಮ್ ಬಿಟ್ಟು ಬೇರೇನೂ ನೆನಪಿರುವುದಿಲ್ಲ.

ಇದೇ ಕುಟುಂಬ ಸರ್ಕಾರಿ ಬಸ್ ಹತ್ತಿದರೆ ಲೆಕ್ಕವೇ ಬದಲಾಗುತ್ತದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದ ಮೇಲೆ ರಾಜ್ಯದ ಹೆಣ್ಣುಮಕ್ಕಳಿಗೆ ನಾಲ್ಕೂ ಸಾರಿಗೆ ನಿಗಮಗಳ ಸಾಮಾನ್ಯ ಮತ್ತು ವೇಗದೂತ ಬಸ್‌ಗಳಲ್ಲಿ ಟಿಕೆಟ್ ದರವಿಲ್ಲ. ಕರ್ನಾಟಕದ ವಿಳಾಸವಿರುವ ಸರ್ಕಾರಿ ಗುರುತಿನ ಚೀಟಿ ತೋರಿಸಿದರೆ ಕಂಡಕ್ಟರ್ ಶೂನ್ಯ ದರದ ಟಿಕೆಟ್ ಹರಿದುಕೊಡುತ್ತಾರೆ. ಅಪ್ಪ, ಅಮ್ಮ, ಅಜ್ಜಿ, ಮಗಳು, ಹತ್ತು ವರ್ಷದ ಮಗ ಇರುವ ಮನೆ ಎಂದುಕೊಳ್ಳಿ. ಐವರಲ್ಲಿ ಮೂವರಿಗೆ ಖರ್ಚಿಲ್ಲ, ಮಗನಿಗೆ ಅರ್ಧ ಟಿಕೆಟ್, ಪೂರ್ತಿ ದರ ಕೊಡುವವರು ಅಪ್ಪ ಒಬ್ಬರೇ. ಆರು ವರ್ಷದೊಳಗಿನ ಮಕ್ಕಳಿಗೆ ಮೊದಲಿನಿಂದಲೂ ಟಿಕೆಟ್ ಇಲ್ಲ. ಆದರೆ ರಾಜಹಂಸ, ಐರಾವತ, ಸ್ಲೀಪರ್, ಎ.ಸಿ. ಬಸ್‌ಗಳಿಗೆ ಈ ಯೋಜನೆ ಅನ್ವಯಿಸುವುದಿಲ್ಲ. ರಾಜ್ಯದ ಗಡಿ ದಾಟುವ ಬಸ್‌ಗಳಿಗೂ ಇಲ್ಲ. ಬಳ್ಳಾರಿಯವರು ಮಂತ್ರಾಲಯಕ್ಕೋ ಕೋಲಾರದವರು ತಿರುಪತಿಗೋ ಹೊರಟರೆ ಮನೆಯವರೆಲ್ಲರ ಟಿಕೆಟ್ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು. ಟಿಕೆಟ್ ಇರುವ ಬಸ್ಸನ್ನೇ ಮುಂಗಡ ಕಾಯ್ದಿರಿಸುವುದಾದರೆ, ನಾಲ್ಕು ಅಥವಾ ಹೆಚ್ಚು ಜನರ ಸೀಟನ್ನು ಒಟ್ಟಿಗೆ ತೆಗೆದುಕೊಂಡವರಿಗೆ ಕೆಎಸ್‌ಆರ್‌ಟಿಸಿ ಶೇ 5ರಷ್ಟು, ಹೋಗುವ–ಬರುವ ಟಿಕೆಟನ್ನು ಒಟ್ಟಿಗೆ ಮಾಡಿಸಿದವರಿಗೆ ಬರುವ ಪ್ರಯಾಣದ ಮೇಲೆ ಶೇ 10ರಷ್ಟು ರಿಯಾಯಿತಿ ಕೊಡುತ್ತದೆ.

ಈ ಯೋಜನೆಯ ಬಗ್ಗೆ ಏನೆಲ್ಲ ವಾದವಿದ್ದರೂ ಒಂದಂತೂ ಕಣ್ಣಿಗೆ ಕಾಣುತ್ತಿದೆ. ಮದುವೆ, ಸಾವು, ಆಸ್ಪತ್ರೆ ಬಿಟ್ಟು ಬೇರೆ ಕಾರಣಕ್ಕೆ ಊರು ಬಿಡದಿದ್ದ ಹೆಂಗಸರು ನಾಲ್ಕಾರು ಜನ ಸೇರಿ ತಮ್ಮ ಪಾಡಿಗೆ ತಾವು ಊರು ನೋಡಲು ಹೊರಟಿದ್ದಾರೆ. ಇದು ಸಣ್ಣ ಬದಲಾವಣೆಯಲ್ಲ. ಮನೆಮಂದಿಯ ಪ್ರವಾಸವೆಂದರೆ ಗಂಡಸಿಗೆ ರಜೆ ಸಿಕ್ಕಿದ ದಿನ, ಗಂಡಸು ಹೇಳಿದ ಜಾಗ ಎಂಬುದು ತಪ್ಪಿ, ‘ಈ ಸಲ ಅಮ್ಮ ಹೇಳಿದ ಕಡೆ’ ಎನ್ನುವ ಮನೆಗಳು ಹೆಚ್ಚುತ್ತಿವೆ.

ರೈಲಿನದು ಬೇರೆ ಲೆಕ್ಕ. ಐದು ವರ್ಷದೊಳಗಿನ ಮಕ್ಕಳಿಗೆ ಪ್ರತ್ಯೇಕ ಬರ್ತ್ ಕೇಳದಿದ್ದರೆ ಟಿಕೆಟ್ ಬೇಡ. ಐದರಿಂದ ಹನ್ನೆರಡರೊಳಗಿನವರಿಗೆ ಪ್ರತ್ಯೇಕ ಬರ್ತ್ ಬೇಡವೆಂದರೆ ಅರ್ಧ ದರ, ಬೇಕೆಂದರೆ ಪೂರ್ತಿ ದರ. 2016ರಲ್ಲಿ ನಿಯಮ ಬದಲಾಗಿದ್ದು ಈಗಲೂ ಅನೇಕರಿಗೆ ಗೊತ್ತಿಲ್ಲದ ಕಾರಣ ಟಿಕೆಟ್ ತಪಾಸಣೆಯ ಹೊತ್ತಿಗೆ ಮಾತಿಗೆ ಮಾತು ಬೆಳೆಯುತ್ತದೆ. ಹಗಲು ರೈಲಿಗೆ ಕಾಯ್ದಿರಿಸುವುದಾದರೆ ಸೆಕೆಂಡ್ ಸಿಟಿಂಗ್‌ಗಿಂತ ಅಗ್ಗದ ದರ್ಜೆ ಇಲ್ಲ. ಬೆಂಗಳೂರು–ಮೈಸೂರು, ಬೆಂಗಳೂರು–ಹಾಸನ, ಹುಬ್ಬಳ್ಳಿ–ಬಾದಾಮಿಯಂಥ ಹಗಲು ದಾರಿಗಳಿಗೆ ಅದು ಸಾಕು. ಪುಟ್ಟ ಮಕ್ಕಳಿಗೆ ಕಿಟಕಿ ಪಕ್ಕದ ಸೀಟು ಸಿಕ್ಕರೆ ಪ್ರವಾಸದ ಅರ್ಧ ಸಂತೋಷ ಅಲ್ಲೇ ದಕ್ಕುತ್ತದೆ. ಅವಸರದ ದೊಡ್ಡವರು ಇದನ್ನು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ.

ಆರಂಭದಲ್ಲಿ ಹೇಳಿದ ಸೋಮನಾಥಪುರಕ್ಕೆ ಮೈಸೂರಿನಿಂದ ನೇರ ಬಸ್ ಕಡಿಮೆ. ಬನ್ನೂರಿಗೋ ತಿ. ನರಸೀಪುರಕ್ಕೋ ಹೋಗಿ ಬಸ್ ಬದಲಿಸಬೇಕು. ಹೊಯ್ಸಳ ದೊರೆ ಮೂರನೇ ನರಸಿಂಹನ ದಂಡನಾಯಕ ಸೋಮನಾಥ 1258ರಲ್ಲಿ ಕಟ್ಟಿಸಿದ ಈ ಗುಡಿಯಲ್ಲಿ ಈಗ ಪೂಜೆ ನಡೆಯುವುದಿಲ್ಲ. ಆದ್ದರಿಂದ ಸಾಲು, ನೂಕುನುಗ್ಗಲು, ‘ಮುಂದೆ ನಡೀರಿ’ ಎನ್ನುವವರು ಯಾರೂ ಇಲ್ಲ. ಮಕ್ಕಳು ಎಷ್ಟು ಹೊತ್ತು ಬೇಕಾದರೂ ನಿಂತು ನೋಡಬಹುದು. ನೋಡಲು ಕಲಿಸಬೇಕು, ಅಷ್ಟೆ.

ಗೋಡೆಯ ಬುಡದಿಂದ ಶುರುಮಾಡಿ. ಕೆಳಗಿನ ಪಟ್ಟಿಯಲ್ಲಿ ಆನೆಗಳ ಸಾಲು, ಅದರ ಮೇಲೆ ಕುದುರೆ ಸವಾರರು, ಮೇಲೆ ಸುರುಳಿ ಬಳ್ಳಿ, ಅದರ ಮೇಲಿನ ಪಟ್ಟಿಯಲ್ಲಿ ಕಥೆ, ಅದರಾಚೆ ಮಕರ, ಹಂಸ. ಪ್ರದಕ್ಷಿಣೆ ಬರುತ್ತಾ ಹೋದರೆ ದಕ್ಷಿಣದ ಗೋಡೆಯಲ್ಲಿ ರಾಮಾಯಣ, ಹಿಂಬದಿಯಲ್ಲಿ ಕೃಷ್ಣನ ಕಥೆ, ಉತ್ತರದಲ್ಲಿ ಮಹಾಭಾರತ. ಎಲ್ಲವೂ ಏಳೆಂಟು ವರ್ಷದ ಮಗುವಿನ ಕಣ್ಣಿಗೆ ಎಟುಕುವ ಎತ್ತರದಲ್ಲಿಯೇ ಇವೆ. ಕಥೆ ಬಲ್ಲ ಅಜ್ಜಿಯೊಬ್ಬರು ಜೊತೆಗಿದ್ದರೆ ಗೈಡ್ ಬೇಕಿಲ್ಲ. ಇದು ಯಾರು, ಅದು ಏನು ಎಂದು ಕೇಳುತ್ತಾ ಒಂದು ಸುತ್ತು ಬರುವಷ್ಟರಲ್ಲಿ ಎರಡು ಗಂಟೆ ಕಳೆದಿರುತ್ತದೆ. ವಿಗ್ರಹಗಳ ಪೀಠದ ಕೆಳಗೆ ಹಳೆಯ ಕನ್ನಡ ಅಕ್ಷರಗಳಲ್ಲಿ ಶಿಲ್ಪಿಗಳ ಹೆಸರುಗಳಿವೆ. ಎಲ್ಲರಿಗಿಂತ ಹೆಚ್ಚು ಸಲ ಬರುವ ಹೆಸರು ಮಲ್ಲಿತಮ್ಮನದು. ‘ಮ’ ಅಕ್ಷರ ಆಗ ಹೇಗಿತ್ತು ಎಂದು ಒಂದು ಕಡೆ ತೋರಿಸಿ ಬಿಟ್ಟರೆ ಮಿಕ್ಕವನ್ನು ಮಕ್ಕಳೇ ಹುಡುಕುತ್ತಾರೆ. ಒಳಗೆ ಹೋದರೆ ತಲೆ ಎತ್ತಿ ನೋಡಬೇಕು. ಒಂದು ಅಂಕಣದ ಭುವನೇಶ್ವರಿಯಂತೆ, ಅಂದರೆ ಚಾವಣಿಯ ಕೆತ್ತನೆಯಂತೆ, ಇನ್ನೊಂದಿಲ್ಲ. ಬಾಳೆಯ ಮೋತೆ ತಲೆಕೆಳಗಾಗಿ ತೂಗುಬಿದ್ದಂತೆ ಕೆತ್ತಿದ್ದನ್ನು ಹಳ್ಳಿಯ ಮಕ್ಕಳು ನೋಡಿದ ಕೂಡಲೇ ಗುರುತಿಸುತ್ತಾರೆ. ಇಷ್ಟು ನುಣುಪಾದ ಕೆತ್ತನೆ ಹೇಗೆ ಸಾಧ್ಯವಾಯಿತು ಎಂದು ಕೇಳಿದರೆ ಬಳಪದ ಕಲ್ಲಿನ ಗುಣ ಹೇಳಿ: ಅಗೆದು ತೆಗೆದಾಗ ಮೆದು, ಗಾಳಿಗೆ ಒಡ್ಡಿದ ಮೇಲೆ ಗಟ್ಟಿ.

ಒಂದು ಜಾಗದಲ್ಲಿ ಅರ್ಧ ದಿನ ಕಳೆಯುವುದನ್ನು ಕಲಿತ ಕುಟುಂಬಕ್ಕೆ ಪ್ರವಾಸ ತಾನಾಗಿಯೇ ಅಗ್ಗವಾಗುತ್ತದೆ. ಬೆಂಗಳೂರಿನವರಿಗೂ ಇದೇ ಮಾತು. ನಂದಿಬೆಟ್ಟದ ಮೇಲೆ ವಾರಾಂತ್ಯದಲ್ಲಿ ಕಾರುಗಳ ಸಾಲಿನಲ್ಲಿ ಕಾದು ಕೂರುವ ಬದಲು ಬೆಟ್ಟದ ಬುಡದ ನಂದಿ ಗ್ರಾಮದಲ್ಲಿಳಿದು ಭೋಗನಂದೀಶ್ವರನ ಗುಡಿಯನ್ನೂ ಅದರ ಕಲ್ಯಾಣಿಯನ್ನೂ ನೋಡಬಹುದು. ಒಂಬತ್ತನೇ ಶತಮಾನದಷ್ಟು ಹಳೆಯ ಗುಡಿ, ಟಿಕೆಟ್ ಇಲ್ಲ. ಊರು ಬಿಟ್ಟು ಹೋಗಲಾಗದವರಿಗೆ ಕಬ್ಬನ್ ಪಾರ್ಕ್ ಪಕ್ಕದಲ್ಲೇ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯವಿದೆ. ರೈಟ್ ಸಹೋದರರ ವಿಮಾನದ ಪೂರ್ಣ ಗಾತ್ರದ ಪ್ರತಿಕೃತಿಯ ಎದುರು, ಗುಂಡಿ ಒತ್ತಿದರೆ ತಿರುಗುವ ಯಂತ್ರಗಳ ಎದುರು ಮಕ್ಕಳನ್ನು ಬಿಟ್ಟರೆ ಮಧ್ಯಾಹ್ನದವರೆಗೆ ಹೊರಗೆ ಬರಲು ಒಪ್ಪುವುದಿಲ್ಲ. ಆಮೇಲೆ ದಣಿವಾರಿಸಿಕೊಳ್ಳಲು ಪಾರ್ಕಿನ ನೆರಳು. ಮನೆಯ ಗಂಡಸರಿಗೆ ಬಿಎಂಟಿಸಿ ದಿನದ ಪಾಸ್ ತೆಗೆದರಾಯಿತು.

ಊಟದ ಮಾತು ಬಂತು. ನಾಲ್ಕೈದು ಜನ ಹೆದ್ದಾರಿ ಬದಿಯ ಹೋಟೆಲಿನಲ್ಲಿ ಬೆಳಗಿನ ತಿಂಡಿ, ಮಧ್ಯಾಹ್ನದ ಊಟ, ಸಂಜೆ ಕಾಫಿ ಮುಗಿಸುವ ಹೊತ್ತಿಗೆ ಆಗುವ ಬಿಲ್ಲು ಬಸ್ ಖರ್ಚಿಗಿಂತ ಎಷ್ಟೋ ಪಾಲು ಹೆಚ್ಚು. ನಮ್ಮ ಹಿರಿಯರು ಬುತ್ತಿಯಿಲ್ಲದೆ ಮನೆ ಬಿಡುತ್ತಿರಲಿಲ್ಲ. ಅದರಲ್ಲಿ ದುಡ್ಡಿನ ಉಳಿತಾಯ ಮಾತ್ರವಲ್ಲ, ಅನುಭವದ ಪಾಕಶಾಸ್ತ್ರವೂ ಇತ್ತು. ಪುಳಿಯೋಗರೆಯ ಗೊಜ್ಜಿನಲ್ಲಿ ಹುಣಿಸೆಹುಳಿ, ಎಣ್ಣೆ ಚೆನ್ನಾಗಿ ಬಿದ್ದಿರುವುದರಿಂದ ಅನ್ನ ಸಂಜೆಯವರೆಗೂ ಕೆಡುವುದಿಲ್ಲ. ಮೊಸರನ್ನಕ್ಕೆ ಬೆಳಿಗ್ಗೆ ಮೊಸರು ಸುರಿಯದೆ, ಮೆತ್ತಗೆ ಮಾಡಿದ ಅನ್ನಕ್ಕೆ ಕಾಯಿಸಿ ಆರಿಸಿದ ಹಾಲು ಬೆರೆಸಿ ಒಂದು ಚಮಚ ಮೊಸರಷ್ಟೇ ಹಾಕಿದರೆ ಮಧ್ಯಾಹ್ನ ಡಬ್ಬಿ ತೆಗೆಯುವ ಹೊತ್ತಿಗೆ ಹದವಾಗಿ ಹೆಪ್ಪುಗಟ್ಟಿರುತ್ತದೆ, ಹುಳಿ ಬಂದಿರುವುದಿಲ್ಲ. ತೆಂಗಿನಕಾಯಿ ಚಟ್ನಿ ಬೇಡ, ಬಿಸಿಲಿಗೆ ಬೇಗ ಹಳಸುತ್ತದೆ. ಚಟ್ನಿಪುಡಿ, ಉಪ್ಪಿನಕಾಯಿ ಸಾಕು. ಒಬ್ಬೊಬ್ಬರಿಗೂ ಒಂದೊಂದು ಸ್ಟೀಲ್ ಬಾಟಲಿಯಲ್ಲಿ ಮನೆಯ ನೀರು. ಬುತ್ತಿ ಕಟ್ಟುವ ಕೆಲಸವೆಲ್ಲ ಅಮ್ಮನೊಬ್ಬಳ ತಲೆಗೆ ಬೀಳಬಾರದು ಎಂಬುದನ್ನೂ ಇಲ್ಲೇ ಹೇಳಬೇಕು. ನಾಲ್ಕು ಗಂಟೆಗೆ ಎದ್ದು ಐವರಿಗೆ ಅಡುಗೆ ಮಾಡಿದವಳಿಗೆ ಅದು ರಜೆ ಹೇಗಾದೀತು? ಹಿಂದಿನ ರಾತ್ರಿಯೇ ಅಪ್ಪ ಚಪಾತಿ ಲಟ್ಟಿಸಲಿ, ಮಕ್ಕಳು ಡಬ್ಬಿ ತುಂಬಲಿ.

ಉತ್ತರ ಕರ್ನಾಟಕದ ಕೆಲವು ಕಡೆ ಬುತ್ತಿಯೂ ಬೇಕಿಲ್ಲ. ಹುಬ್ಬಳ್ಳಿಯಿಂದ ಗದಗ ಮಾರ್ಗವಾಗಿ ರೈಲಿನಲ್ಲಿ ಬಾದಾಮಿಗೆ ಬಂದಿಳಿದರೆ ನಿಲ್ದಾಣದಿಂದ ಊರಿಗೆ ಐದು ಕಿ.ಮೀ. ಇಲ್ಲಿಯೂ ದೊಡ್ಡವರಿಗೆ 25 ರೂಪಾಯಿ, ಮಕ್ಕಳಿಗೆ ಉಚಿತ. ನಾಲ್ಕು ಗುಹೆಗಳಲ್ಲಿ ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಚಾಲುಕ್ಯ ಮಂಗಲೇಶ ಬರೆಸಿದ, ಕ್ರಿ.ಶ. 578ರ ಶಾಸನ ಅಲ್ಲಿದೆ. ಬೆಳಿಗ್ಗೆ ಗುಹೆ, ಅಗಸ್ತ್ಯ ತೀರ್ಥದ ದಂಡೆ, ಭೂತನಾಥನ ಗುಡಿ ನೋಡಿ ಮುಗಿಸಿ ಬಸ್ ಹತ್ತಿದರೆ ಸ್ವಲ್ಪ ಹೊತ್ತಿಗೆಲ್ಲ ಬನಶಂಕರಿ. ಗುಡಿಯ ಸುತ್ತ ಬುಟ್ಟಿ ಹೊತ್ತು ಬರುವ ಹೆಂಗಸರು ‘ಬರ್ರಿ ಅಕ್ಕಾರ, ರೊಟ್ಟಿ ಉಂಡು ಹೋಗ್ರಿ’ ಎಂದು ಕರೆಯುತ್ತಾರೆ. ಮರದ ನೆರಳಲ್ಲಿ ಕುಳಿತರೆ ಬುಟ್ಟಿಯ ಬಟ್ಟೆ ಸರಿಸಿ ಕಟಕ್ ರೊಟ್ಟಿ ಇಡುತ್ತಾರೆ, ಅದರ ಮೇಲೆಯೇ ಎಣ್ಣೆಗಾಯಿ, ಕಾಳಿನ ಪಲ್ಯ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ. ಕೊನೆಗೆ ಪುಟ್ಟ ಗಡಿಗೆಯಿಂದ ಗಟ್ಟಿ ಮೊಸರು. ‘ಇನ್ನೊಂದು ಸ್ವಲ್ಪ ಹಾಕ್ಲೇನ್ರಿ?’ ಎಂದು ಕೇಳಿ ಬಡಿಸುವ ಆ ಊಟ ಮನೆಯಲ್ಲಿ ಬೆಳಗಿನ ಜಾವ ಎದ್ದು ಮಾಡಿದ್ದು. ಇಲ್ಲಿ ಚೌಕಾಸಿ ಮಾಡುವುದು ಸರಿಯಲ್ಲ. ಅಗ್ಗದ ಪ್ರವಾಸ ಎಂದರೆ ಎಲ್ಲದರಲ್ಲೂ ಹಿಡಿತ ಎಂದಲ್ಲ. ಉಳಿದ ಕಡೆ ಉಳಿಸಿದ್ದನ್ನು ಇಂಥ ಕೈಗಳಿಗೆ ಕೊಡುವುದು ನ್ಯಾಯ. ಏಪ್ರಿಲ್, ಮೇ ತಿಂಗಳಲ್ಲಿ ಮಾತ್ರ ಬಾದಾಮಿ ಬೇಡ. ಮರಳುಗಲ್ಲಿನ ಬೆಟ್ಟ ಕಾದು ಮಕ್ಕಳಿಗೂ ವಯಸ್ಸಾದವರಿಗೂ ತಡೆಯಲಾಗದಂಥ ಝಳ ಹೊಡೆಯುತ್ತದೆ. ನವೆಂಬರಿನಿಂದ ಜನವರಿಯವರೆಗೆ ಒಳ್ಳೆಯದು.

ಧರ್ಮಸ್ಥಳ, ಹೊರನಾಡು, ಶೃಂಗೇರಿ, ತುಮಕೂರಿನ ಸಿದ್ಧಗಂಗಾ ಮಠ, ಹೀಗೆ ಬಂದವರಿಗೆಲ್ಲ ಊಟ ಹಾಕುವ ಕ್ಷೇತ್ರಗಳು ನಮ್ಮಲ್ಲಿ ಸಾಕಷ್ಟಿವೆ. ಪಂಕ್ತಿಯಲ್ಲಿ ಕುಳಿತು ಗುರುತಿಲ್ಲದವರ ಪಕ್ಕದಲ್ಲಿ ಉಣ್ಣುವುದನ್ನು ಮಕ್ಕಳು ಒಮ್ಮೆಯಾದರೂ ಅನುಭವಿಸಬೇಕು. ಎಲೆಯಲ್ಲಿ ಅನ್ನ ಬಿಡದಂತೆ ಎಷ್ಟು ಬೇಕೋ ಅಷ್ಟೇ ಹಾಕಿಸಿಕೊಳ್ಳಲು ಮೊದಲೇ ಹೇಳಿಕೊಡಿ. ಹೊರಡುವಾಗ ಕೈಲಾದಷ್ಟು ಹುಂಡಿಗೆ ಹಾಕಿ. ಕ್ಷೇತ್ರದ ವಸತಿಗೃಹಗಳ ಬಾಡಿಗೆಯೂ ಹಗುರ, ಆದರೆ ವಾರಾಂತ್ಯ, ಹುಣ್ಣಿಮೆ, ದೀಪೋತ್ಸವದ ದಿನಗಳಲ್ಲಿ ಕೋಣೆ ಸಿಗುವ ನಂಬಿಕೆ ಇಟ್ಟುಕೊಳ್ಳಬೇಡಿ.

ಎರಡು ಮೂರು ದಿನದ ಪ್ರವಾಸವಾದರೆ ರಾತ್ರಿ ಕಳೆಯುವ ಜಾಗ ಯಾವುದೆಂಬುದೇ ಖರ್ಚನ್ನು ತೀರ್ಮಾನಿಸುತ್ತದೆ. ಪ್ರವಾಸಿ ಜಾಗದಲ್ಲೇ ಉಳಿಯುವ ಬದಲು ಪಕ್ಕದ ಜಿಲ್ಲಾ ಕೇಂದ್ರದಲ್ಲಿ ಬಸ್ ನಿಲ್ದಾಣದ ಹತ್ತಿರ ಕೋಣೆ ಹಿಡಿದು, ಅಲ್ಲಿಂದ ದಿನಕ್ಕೊಂದು ಕಡೆ ಹೋಗಿಬರುವುದು ಲೇಸು. ಇದಕ್ಕೆ ಹಾಸನದಷ್ಟು ಒದಗಿಬರುವ ಊರು ಇನ್ನೊಂದಿಲ್ಲ. ಬೇಲೂರು ಸುಮಾರು 40 ಕಿ.ಮೀ., ಹಳೇಬೀಡು 30, ಶ್ರವಣಬೆಳಗೊಳ 50. ಮೂರಕ್ಕೂ ಸರ್ಕಾರಿ ಬಸ್ ಇದೆ. ಬೇಲೂರು, ಹಳೇಬೀಡಿನ ನಡುವೆ 16 ಕಿ.ಮೀ. ಮಾತ್ರ, ಅವೆರಡನ್ನು ಒಂದೇ ದಿನ ನೋಡಬಹುದು. ಶ್ರವಣಬೆಳಗೊಳಕ್ಕೆ ಪ್ರತ್ಯೇಕ ದಿನ ಇಡಿ, ಬೆಳಗಿನ ಮೊದಲ ಬಸ್ಸಿಗೇ ಹೊರಡಿ. ಚಾವುಂಡರಾಯ ಹತ್ತನೇ ಶತಮಾನದಲ್ಲಿ ನಿಲ್ಲಿಸಿದ ಸುಮಾರು 57 ಅಡಿಯ ಬಾಹುಬಲಿಯ ಬಳಿಗೆ 600ಕ್ಕೂ ಹೆಚ್ಚು ಮೆಟ್ಟಿಲು. ಬರಿಗಾಲಲ್ಲಿ ಹತ್ತಬೇಕಾದ್ದರಿಂದ ಹತ್ತು ಗಂಟೆಯ ಮೇಲೆ ಬಂಡೆ ಕಾಲು ಸುಡುತ್ತದೆ. ಮಕ್ಕಳಿಗೆ ಕಾಲುಚೀಲ ಒಯ್ದಿರಿ.

ಹೋದ ಮೇಲೆ ಬಾಗಿಲು ಹಾಕಿದ್ದು ಕಂಡರೆ ಇಡೀ ದಿನದ ಖರ್ಚು ನೀರುಪಾಲು. ಮೈಸೂರು ಮೃಗಾಲಯಕ್ಕೂ ಬನ್ನೇರುಘಟ್ಟಕ್ಕೂ ಮಂಗಳವಾರ ರಜೆ. ಬೆಂಗಳೂರಿನ ನೆಹರೂ ತಾರಾಲಯ ಸೋಮವಾರ ತೆರೆಯುವುದಿಲ್ಲ. ಪುರಾತತ್ವ ಇಲಾಖೆಯ ಸ್ಥಳೀಯ ವಸ್ತುಸಂಗ್ರಹಾಲಯಗಳಿಗೆ ಶುಕ್ರವಾರ ಬಿಡುವು. ಮೈಸೂರು ಅರಮನೆಯ ದೀಪಾಲಂಕಾರ ನೋಡುವ ಆಸೆಯಿದ್ದರೆ ಭಾನುವಾರ ಅಥವಾ ಸರ್ಕಾರಿ ರಜಾದಿನದ ಸಂಜೆಯೇ ಆಗಬೇಕು.

ಬಸ್ ನೆಚ್ಚಿ ಹೋಗುವವರಿಗೆ ಇರುವ ನಿಜವಾದ ಕಷ್ಟ ಸಂಜೆಯದು. ಸಣ್ಣ ಊರಲ್ಲಿ ಇಳಿಯುವಾಗಲೇ ವಾಪಸ್ ಬಸ್ ಎಷ್ಟು ಹೊತ್ತಿಗೆ ಎಂದು ಕಂಡಕ್ಟರನ್ನು ಕೇಳಿಕೊಳ್ಳುವುದು ಒಳ್ಳೆಯದು. ಅವರು ಹೇಳುವ ಬುದ್ಧಿಮಾತು ಎಲ್ಲ ಕಡೆ ಒಂದೇ: ‘ಕೊನೇ ಬಸ್ಸನ್ನ ನಂಬ್ಕೊಂಡು ಕೂರಬೇಡಿ ಸಾರ್, ಅದರ ಹಿಂದಿನದನ್ನೇ ಹಿಡೀರಿ.’ ಕೊನೆಯ ಬಸ್ಸಿನ ಸಮಯ ಬರೆದ ಒಂದು ಫಲಕ, ಹೆಂಗಸರು ಹಿಂಜರಿಯದೆ ಹೋಗಬಹುದಾದ ಒಂದು ಚೊಕ್ಕ ಶೌಚಾಲಯ, ಕುಡಿಯುವ ನೀರಿನ ಒಂದು ನಲ್ಲಿ, ಇವು ಪ್ರತಿ ಪ್ರವಾಸಿ ತಾಣದ ಬಸ್ ನಿಲ್ದಾಣದಲ್ಲಿ ಇರಬೇಕೆಂದು ಕೇಳುವುದು ದೊಡ್ಡ ಬೇಡಿಕೆಯೇನಲ್ಲ. ಹೆಣ್ಣುಮಕ್ಕಳಿಗೆ ಉಚಿತ ಪ್ರಯಾಣ ಕೊಟ್ಟ ಸರ್ಕಾರ, ಅವರು ಇಳಿಯುವ ಜಾಗವನ್ನೂ ಗಮನಿಸಬೇಕು. ದಿನವಿಡೀ ನೀರು ಕುಡಿಯದೆ ತಡೆದುಕೊಂಡು ಮನೆ ಸೇರುವ ತಾಯಂದಿರು ಎಷ್ಟು ಜನ ಎಂಬುದು ಅವರ ಜೊತೆ ಪ್ರಯಾಣಿಸಿದವರಿಗೆ ಗೊತ್ತು.

ಹೊಳೆಯ ವಿಷಯದಲ್ಲಿ ಮಾತ್ರ ರಿಯಾಯಿತಿ ಬೇಡ. ತಲಕಾಡು, ಮುತ್ತತ್ತಿ, ಶ್ರೀರಂಗಪಟ್ಟಣದ ಸಂಗಮ, ಎಲ್ಲ ಕಡೆ ಕಾವೇರಿ ಮೇಲ್ನೋಟಕ್ಕೆ ಮೊಣಕಾಲುದ್ದ ಕಾಣುತ್ತಾಳೆ. ಎರಡು ಹೆಜ್ಜೆ ಮುಂದೆ ಸುಳಿ, ಬಂಡೆಸಂದಿನ ಮಡು. ಅಣೆಕಟ್ಟಿನಿಂದ ನೀರು ಬಿಟ್ಟರೆ ಮಟ್ಟ ಏರುವುದು ಗೊತ್ತೇ ಆಗುವುದಿಲ್ಲ. ಪ್ರತಿ ಬೇಸಿಗೆಯಲ್ಲೂ ಇಂಥ ಕಡೆ ಮಕ್ಕಳನ್ನೂ, ಮಕ್ಕಳನ್ನು ಉಳಿಸಲು ಹಾರಿದ ದೊಡ್ಡವರನ್ನೂ ಕಳೆದುಕೊಂಡ ಸುದ್ದಿ ಪತ್ರಿಕೆಗಳಲ್ಲಿ ಬರುತ್ತದೆ. ದಡದಲ್ಲಿ ಕೂತು ಕಾಲು ಇಳಿಬಿಟ್ಟರೆ ಸಾಕು, ಈಜು ಬಲ್ಲವರೂ ಇಳಿಯಬಾರದು.

ದಸರಾ ರಜೆಯಲ್ಲಿ ಮೈಸೂರಿನ ಕೋಣೆ ಬಾಡಿಗೆ ಏರಿರುತ್ತದೆ, ಜನರೂ ಹೆಚ್ಚು. ಆ ಹತ್ತು ದಿನ ಮೈಸೂರು ಬಿಟ್ಟು ಹಾಸನ, ಚಿತ್ರದುರ್ಗ, ಬಾದಾಮಿಯ ಕಡೆ ಮುಖ ಮಾಡುವುದು ಒಳ್ಳೆಯದು. ದುರ್ಗದ ಏಳು ಸುತ್ತಿನ ಕೋಟೆ, ಓಬವ್ವನ ಕಿಂಡಿ ನೋಡಲು ಒಂದು ದಿನ ಸಾಕು, ರಾತ್ರಿ ಉಳಿಯಬೇಕಾಗಿಲ್ಲ. ರೈಲು ಟಿಕೆಟಿನ ಮುಂಗಡ ಬುಕಿಂಗ್ 2024ರ ನವೆಂಬರಿನಿಂದ 60 ದಿನಕ್ಕೆ ಇಳಿದಿದೆ. ಅಂದರೆ ಅಕ್ಟೋಬರಿನ ಪ್ರಯಾಣಕ್ಕೆ ಆಗಸ್ಟಿನಲ್ಲಿ ಬಾಗಿಲು ತೆರೆಯುತ್ತದೆ. ಸೆಕೆಂಡ್ ಸಿಟಿಂಗ್ ಸೀಟುಗಳು ಹಬ್ಬದ ದಿನಗಳಿಗೆ ಬೇಗ ತುಂಬಿಹೋಗುವುದರಿಂದ ಶಾಲೆಯಿಂದ ರಜೆಯ ಪಟ್ಟಿ ಬಂದ ದಿನವೇ ಕೂತು ಮಾಡಿಸಿಟ್ಟುಕೊಳ್ಳಿ.